ಪರ್ತ್‌ನ ಎರಡು ಗಾಳಿಗಳ ನಡುವೆ ಆರಾಮದ ಒಂದು ದಿನ: ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಉತ್ತರ

ಪ್ರಶ್ನೆ: ಶಿವಮೊಗ್ಗದಿಂದ ಬಂದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿ ಒಂದು ವರ್ಷವಾಯಿತು. ನನಗೆ 44 ವರ್ಷ, ತೂಕ 78 ಕಿಲೋ. ಈಜುಕೊಳದಲ್ಲಿ ಈಜಬಲ್ಲೆ, ಕಡಲಿನ ಅಭ್ಯಾಸವಿಲ್ಲ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ವಿಂಡ್‌ಸರ್ಫಿಂಗ್‌ನಷ್ಟು ನೆಮ್ಮದಿ ಕೊಡುವ ಹವ್ಯಾಸ ಬೇರೊಂದಿಲ್ಲವೆಂದು ಸಹೋದ್ಯೋಗಿಯೊಬ್ಬರು ತಮ್ಮ ಹಲಗೆ ಮತ್ತು ಹಾಯಿಯನ್ನು ಎರವಲು ಕೊಟ್ಟರು. ಹಲಗೆಯ ಮೇಲೆ 105 ಎಂದೂ ಹಾಯಿಯ ಮೇಲೆ 6.5 ಎಂದೂ ಬರೆದಿದೆ. ಜನವರಿಯ ಒಂದು ಬೆಳಿಗ್ಗೆ ಲೇಟನ್ ಕಡಲತೀರದಲ್ಲಿ ನೀರು ನಿಶ್ಚಲವಾಗಿದ್ದುದನ್ನು ಕಂಡು ಇಳಿದೆ. ನಿಲ್ಲಲಾಗದೆ ಬೀಳುತ್ತಲೇ ದಡದಿಂದ ದೂರ ಸರಿದೆ. ಕಯಾಕ್‌ನಲ್ಲಿದ್ದ ಒಬ್ಬರು ಎಳೆದು ತಂದರು. ಮಧ್ಯಾಹ್ನ ಮತ್ತೆ ಪ್ರಯತ್ನಿಸಿದಾಗ ಹಾಯಿಯನ್ನು ಮೇಲೆತ್ತಲೂ ಆಗಲಿಲ್ಲ. ಬೆನ್ನು ಹಿಡಿದುಕೊಂಡದ್ದಷ್ಟೇ ಲಾಭ. ಇದು ನಿಜಕ್ಕೂ ಆರಾಮದ ಹವ್ಯಾಸವೇ? ವಾರಾಂತ್ಯದ ಒಂದು ದಿನವನ್ನು ಹಾಯಾಗಿ ಕಳೆಯಲು ಎಲ್ಲಿ, ಯಾವಾಗ ಹೋಗಬೇಕು? 11 ವರ್ಷದ ಮಗಳನ್ನೂ ಕರೆದೊಯ್ಯಬಹುದೇ?

ಉತ್ತರ: ಆರಾಮದ ಹವ್ಯಾಸವೇ ಹೌದು, ಆದರೆ ನೀವು ಹೋದ ದಿನ ಅದಕ್ಕೆ ಅವಕಾಶವೇ ಇರಲಿಲ್ಲ. ಬೆಳಿಗ್ಗೆ ಇಳಿದ ದಡ ಆ ಹೊತ್ತಿನ ಗಾಳಿಗೆ ಸಲ್ಲದ್ದು, ಮಧ್ಯಾಹ್ನದ ಗಾಳಿ ಹೊಸಬರಿಗೆ ಸಲ್ಲದ್ದು, ಎರವಲು ಬಂದ ಹಲಗೆ ನಿಮ್ಮ ತೂಕಕ್ಕೆ ಸಲ್ಲದ್ದು. ಈ ಮೂರರಲ್ಲಿ ಒಂದಾದರೂ ಸರಿಯಾಗಿದ್ದರೆ ನಿಮ್ಮ ಅನುಭವ ಬೇರೆಯಾಗಿರುತ್ತಿತ್ತು. ಪರ್ತ್‌ನಲ್ಲಿ ಬೇಸಿಗೆಯ ಹೆಚ್ಚಿನ ದಿನಗಳಲ್ಲಿ ಎರಡು ಗಾಳಿಗಳು ಸರದಿಯಂತೆ ಬೀಸುತ್ತವೆ. ಅವುಗಳ ಹೊತ್ತನ್ನೂ ದಿಕ್ಕನ್ನೂ ಅರಿತು ದಿನವನ್ನು ಹೊಂದಿಸಿಕೊಂಡವರಿಗೆ ಆರಾಮ ತಾನಾಗಿ ಒದಗುತ್ತದೆ. ತೋಳ್ಬಲಕ್ಕೆ ಇಲ್ಲಿ ಎರಡನೆಯ ಸ್ಥಾನ.

ಮೊದಲು ಬೆಳಗಿನ ಗಾಳಿಯನ್ನು ನೋಡೋಣ, ಏಕೆಂದರೆ ಹೊಸಬರನ್ನು ಹೆಚ್ಚು ಮೋಸಗೊಳಿಸುವುದು ಅದೇ. ಬೇಸಿಗೆಯಲ್ಲಿ ಆಸ್ಟ್ರೇಲಿಯಾ ಖಂಡದ ದಕ್ಷಿಣಕ್ಕೆ ಅಧಿಕ ಒತ್ತಡದ ವಲಯ ನೆಲೆಗೊಂಡಿರುವುದರಿಂದ ಒಳನಾಡಿನ ಒಣ ಮೂಡಣ ಗಾಳಿ ಡಾರ್ಲಿಂಗ್ ಬೆಟ್ಟಸಾಲನ್ನು ಇಳಿದು, ನಗರವನ್ನು ಹಾದು, ಕಡಲಿನತ್ತ ಸಾಗುತ್ತದೆ. ಲೇಟನ್, ಕಾಟಸ್ಲೋ, ಸ್ಕಾರ್ಬರೋ ಮುಂತಾದ ತೀರಗಳೆಲ್ಲ ಪಡುವಣಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಈ ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು ನೀರಿನತ್ತ ತಳ್ಳುತ್ತದೆ. ಅಲೆ ಏಳಬೇಕಾದರೆ ಗಾಳಿ ನೀರಿನ ಮೇಲೆ ಒಂದಷ್ಟು ದೂರ ಉಜ್ಜಿಕೊಂಡು ಹೋಗಬೇಕು. ದಡದಂಚಿನಲ್ಲಿ ಆ ದೂರವೇ ಇಲ್ಲ, ಜೊತೆಗೆ ಮರಳುದಿಬ್ಬಗಳೂ ಕಟ್ಟಡಗಳೂ ಗಾಳಿಗೆ ಅಡ್ಡ ನಿಂತಿರುತ್ತವೆ. ನೀವು ಕಂಡ ನಿಶ್ಚಲತೆಗೆ ಇದೇ ಕಾರಣ. ನೂರಿನ್ನೂರು ಮೀಟರ್ ಆಚೆಗೆ ಗಾಳಿ ಪೂರ್ಣ ಬಲದಲ್ಲಿ ಬೀಸುತ್ತಿರುತ್ತದೆ, ಮತ್ತು ಆ ದಿಕ್ಕಿನಲ್ಲಿ ಮುಂದಿರುವ ನೆಲವೆಂದರೆ ಸುಮಾರು 20 ಕಿಲೋಮೀಟರ್ ದೂರದ ರಾಟ್‌ನೆಸ್ಟ್ ದ್ವೀಪ; ಅದು ತಪ್ಪಿದರೆ ಹಿಂದೂ ಮಹಾಸಾಗರ. ದಡದ ಬಳಿ ನುಣುಪಾದ ನೀರು, ಅದರಾಚೆ ಸಣ್ಣ ನಿರಿಗೆಗಳಿಂದ ಕಪ್ಪಾಗಿ ಕಾಣುವ ನೀರು, ಇವೆರಡರ ನಡುವೆ ಸ್ಪಷ್ಟವಾದ ಗೆರೆ ಕಂಡರೆ ಗಾಳಿ ದಡದಿಂದ ಹೊರಗೆ ಹೋಗುತ್ತಿದೆ ಎಂದು ತಿಳಿಯಿರಿ. ಅಂಥ ದಡದಲ್ಲಿ ಕಲಿಯುವವರು ನೀರಿಗೆ ಇಳಿಯಲೇಬಾರದು. ಈ ವಿಷಯದಲ್ಲಿ ನಾನು ವಿನಾಯಿತಿ ಕೊಡುವುದಿಲ್ಲ.

ಎರಡನೆಯ ಗಾಳಿಯ ಹೆಸರನ್ನು ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕೇಳಿರುತ್ತೀರಿ: ಫ್ರೀಮ್ಯಾಂಟಲ್ ಡಾಕ್ಟರ್. 2008ರ ಜನವರಿಯಲ್ಲಿ ಅನಿಲ್ ಕುಂಬ್ಳೆ ತಮ್ಮ 600ನೆಯ ಟೆಸ್ಟ್ ವಿಕೆಟ್ ಪಡೆದ ಪರ್ತ್‌ನ ವಾಕಾ ಮೈದಾನದಲ್ಲಿ ವೇಗದ ಬೌಲರ್‌ಗಳು ಕಾಯುತ್ತಿದ್ದ ಕಡಲ ಗಾಳಿ ಇದೇ. ಹಗಲಿನಲ್ಲಿ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಇಷ್ಟು ನಮ್ಮ ಶಾಲಾ ಪಾಠದಲ್ಲೇ ಇದೆ. ಆದರೆ ಪರ್ತ್‌ನಲ್ಲಿ ನೆಲಕ್ಕೂ ಕಡಲಿಗೂ ಇರುವ ತಾಪದ ಅಂತರ ದೊಡ್ಡದು, ಕರಾವಳಿಗೆ ಸಮಾನಾಂತರವಾಗಿ ರೂಪುಗೊಳ್ಳುವ ಕಡಿಮೆ ಒತ್ತಡದ ಪಟ್ಟಿಯೂ ಅದಕ್ಕೆ ನೆರವಾಗುತ್ತದೆ. ಆದ್ದರಿಂದ ಅದು ಮಂದಮಾರುತವಾಗಿ ಉಳಿಯದೆ ನೈಋತ್ಯದಿಂದ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿಲೋಮೀಟರ್) ವೇಗದಲ್ಲಿ ಬೀಸುತ್ತದೆ. ಸಾಮಾನ್ಯವಾಗಿ ನಡುಹಗಲಿನಿಂದ ಮಧ್ಯಾಹ್ನ 3 ಗಂಟೆಯೊಳಗೆ ಬರುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅದರ ಕಾಲ. 1987ರಲ್ಲಿ ಫ್ರೀಮ್ಯಾಂಟಲ್‌ನಲ್ಲಿ ನಡೆದ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯನ್ನು ಇಂದಿಗೂ ಜನ ನೆನೆಯುವುದಕ್ಕೆ ಈ ಗಾಳಿಯೂ ಒಂದು ಕಾರಣ. ಹಾಯಿಯ ಮೇಲೆ ಬೀಳುವ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ 10 ನಾಟ್‌ನಿಂದ 20ಕ್ಕೆ ಏರಿದರೆ ನಿಮ್ಮ ತೋಳು ತಡೆಯಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಮಧ್ಯಾಹ್ನ ನಿಮ್ಮಿಂದ ಹಾಯಿ ಏಳದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಈ ಎರಡು ಗಾಳಿಗಳ ನಡುವೆ, ಮೂಡಣ ಗಾಳಿ ಸೋತು ಡಾಕ್ಟರ್ ಇನ್ನೂ ಬಾರದ ಒಂದು ಬಿಡುವು ಇರುತ್ತದೆ. ನಿಮ್ಮ ಆರಾಮದ ದಿನವನ್ನು ಮೂಡಣ ಗಾಳಿ ಹಗುರಾಗತೊಡಗುವ ಹೊತ್ತಿನಿಂದ ಈ ಬಿಡುವಿನವರೆಗೆ ಹೊಂದಿಸಿಕೊಳ್ಳಬೇಕು. ಅದು ಪ್ರತಿದಿನ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಆ ದಿನ ಅದರ ವೀಕ್ಷಣಾ ಕೇಂದ್ರಗಳ ಅಂಕಿಗಳನ್ನೂ ನೋಡಿ. ರಾಟ್‌ನೆಸ್ಟ್ ದ್ವೀಪದ ಅಂಕಿಯಲ್ಲಿ ಗಾಳಿ ನೈಋತ್ಯಕ್ಕೆ ತಿರುಗಿ ಏರತೊಡಗಿತೆಂದರೆ ಡಾಕ್ಟರ್ ದಾರಿಯಲ್ಲಿದೆ ಎಂದರ್ಥ. ಆಗ ದಡ ಸೇರಲು ನಿಮಗೆ ಸಮಯವಿರುತ್ತದೆ. ಸ್ವಾನ್ ನದಿಯ ನಡುವೆಯೇ ಇರುವ ಇನ್ನರ್ ಡಾಲ್ಫಿನ್ ಪೈಲನ್ ಎಂಬ ಕೇಂದ್ರ ನದಿಯ ಮೇಲಿನ ಗಾಳಿಯನ್ನೇ ತೋರಿಸುತ್ತದೆ, ಮನೆಯ ಅಂಗಳದ ಮರವನ್ನು ನೋಡಿ ಊಹಿಸುವುದಕ್ಕಿಂತ ಅದು ನಂಬಲರ್ಹ. ಗರಿಷ್ಠ ತಾಪ 38 ಅಥವಾ 40 ಡಿಗ್ರಿ ಎಂದು ಮುನ್ಸೂಚನೆ ಇದ್ದ ದಿನ ಹೋಗಬೇಡಿ. ಅಂಥ ದಿನಗಳಲ್ಲಿ ಕಡಿಮೆ ಒತ್ತಡದ ಪಟ್ಟಿ ಕಡಲಂಚಿನಲ್ಲೇ ನಿಂತು, ಮೂಡಣ ಗಾಳಿ ಬಲವಾಗಿ, ಬಿಟ್ಟುಬಿಟ್ಟು ರಭಸದಿಂದ ಬೀಸುತ್ತದೆ; ಡಾಕ್ಟರ್ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಜನವರಿಗಿಂತ ಮಾರ್ಚ್ ಮತ್ತು ಏಪ್ರಿಲ್ ನಿಮಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆಗ ಎರಡೂ ಗಾಳಿಗಳು ಮೆತ್ತಗಾಗಿರುತ್ತವೆ, ಬಿಡುವು ಉದ್ದವಾಗಿರುತ್ತದೆ. ಉತ್ತರದಿಂದ ಬೆಚ್ಚನೆಯ ನೀರನ್ನು ತರುವ ಲೀವಿನ್ ಪ್ರವಾಹ ಶರತ್ಕಾಲದಲ್ಲಿ ಬಲಗೊಳ್ಳುವುದರಿಂದ ಕಡಲು ಅಷ್ಟು ಬೇಗ ತಣ್ಣಗಾಗುವುದೂ ಇಲ್ಲ.

ಇನ್ನು ಸಲಕರಣೆ. ಹಲಗೆಯ ಮೇಲಿನ 105 ಎಂಬುದು ಅದರ ಗಾತ್ರ, ಲೀಟರ್‌ಗಳಲ್ಲಿ. ಒಂದು ಲೀಟರ್ ಗಾತ್ರ ಸುಮಾರು ಒಂದು ಕಿಲೋ ತೂಕವನ್ನು ತೇಲಿಸುತ್ತದೆ. ನಿಮ್ಮ 78 ಕಿಲೋ, ಕಂಬ, ಬೂಮ್ (ಹಾಯಿಯನ್ನು ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಅಡ್ಡ ಹಿಡಿಕೆ) ಮತ್ತು ಹಾಯಿಯ ಭಾರ, ಹಲಗೆಯದೇ ಭಾರ, ಒದ್ದೆಯಾದ ಉಡುಪು ಎಲ್ಲ ಸೇರಿದರೆ ಉಳಿಯುವ ತೇಲುಬಲ ಏನೇನೂ ಸಾಲದು. ನಿಂತ ಕ್ಷಣ ಹಲಗೆ ಮುಳುಗುವಂತಾಗಿ ಒಂದು ಮಗ್ಗುಲಿಗೆ ವಾಲುತ್ತದೆ. ನಿಮ್ಮ ಸಹೋದ್ಯೋಗಿ ಅದರ ಮೇಲೆ ಸಲೀಸಾಗಿ ಹೋಗುವುದಕ್ಕೆ ಕಾರಣ, ಅವರು ವೇಗ ಪಡೆದು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತಾರೆ. ಆ ವೇಗದಲ್ಲಿ ನೀರೇ ಹಲಗೆಯನ್ನು ಎತ್ತಿ ಹಿಡಿಯುತ್ತದೆ. ನಿಮಗೆ ಬೇಕಾದದ್ದು 180ರಿಂದ 200 ಲೀಟರ್‌ನ, 80 ಸೆಂಟಿಮೀಟರ್‌ಗೂ ಹೆಚ್ಚು ಅಗಲದ, ನಡುವೆ ಡ್ಯಾಗರ್‌ಬೋರ್ಡ್ ಇರುವ ಹಲಗೆ. ಕೆಳಗೆ ನೀರಿನೊಳಕ್ಕೆ ಇಳಿಯುವ ಈ ರೆಕ್ಕೆಯಂಥ ಫಲಕವಿಲ್ಲದಿದ್ದರೆ ನಿಧಾನಗತಿಯಲ್ಲಿ ಹಲಗೆ ಗಾಳಿ ಸಾಗುವತ್ತ ಅಡ್ಡಡ್ಡ ಸರಿಯುತ್ತಲೇ ಇರುತ್ತದೆ, ಹೊರಟಲ್ಲಿಗೆ ಮರಳುವುದು ಅಸಾಧ್ಯವಾಗುತ್ತದೆ. ಹಾಯಿ 4.5ರಿಂದ 5 ಚದರ ಮೀಟರ್ ಸಾಕು. ಹಗುರ ಗಾಳಿಗೆ ದೊಡ್ಡ ಹಾಯಿ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ವೇಗ ಬೇಕಾದವರಿಗೆ ಬೇಕು. ನೀರಿನಿಂದ ಮತ್ತೆ ಮತ್ತೆ ಎತ್ತಬೇಕಾದವರಿಗೆ ಪ್ರತಿ ಹೆಚ್ಚುವರಿ ಅರ್ಧ ಚದರ ಮೀಟರ್ ಬೆನ್ನಿನ ಮೇಲಿನ ಹೊರೆ.

ದೊಡ್ಡ ಹಲಗೆ ಕೇಳಲು ಸಂಕೋಚಪಡಬೇಡಿ. ವೈಮಾನಿಕ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಸಾಧನದಿಂದ ಬೆಳೆದ ಮೊದಲ ಜನಪ್ರಿಯ ಹಲಗೆ ಸುಮಾರು 3.65 ಮೀಟರ್ ಉದ್ದವಿತ್ತು, ಹಗುರ ಗಾಳಿಯಲ್ಲಿ ನಿಧಾನವಾಗಿ ಸುತ್ತಾಡಲು ಹೇಳಿ ಮಾಡಿಸಿದಂತಿತ್ತು. ಎತ್ತ ಬೇಕಾದರೂ ಬಾಗುವ ಕೀಲಿನ ಮೇಲೆ ಕಂಬವನ್ನು ನಿಲ್ಲಿಸಿದ್ದು ಅವರ ಸಾಧನದ ಜೀವಾಳ. ಅದರಿಂದಾಗಿ ಚುಕ್ಕಾಣಿಯೇ ಬೇಡವಾಯಿತು. ಚಿಕ್ಕ ಹಲಗೆ, ಬಿರುಗಾಳಿ, ನೆಗೆತ ಇವೆಲ್ಲ ನಂತರ ಬಂದವು. ಛಾಯಾಚಿತ್ರಗಳಲ್ಲಿ ಅವೇ ಹೆಚ್ಚು ಕಾಣಿಸುವುದರಿಂದ ಈ ಕ್ರೀಡೆಯೆಂದರೆ ಅಷ್ಟೇ ಎಂಬ ತಪ್ಪು ಕಲ್ಪನೆ ಬೆಳೆದಿದೆ.

ಬೆನ್ನು ನೋವಿನ ವಿಷಯಕ್ಕೆ ಬರುತ್ತೇನೆ. ನೀರಿನಲ್ಲಿ ಮಲಗಿರುವ ಹಾಯಿಯ ಮೇಲೆ ಹತ್ತಾರು ಕಿಲೋ ನೀರು ನಿಂತಿರುತ್ತದೆ. ಹೆಚ್ಚಿನವರು ಬಾವಿಯಿಂದ ಕೊಡ ಸೇದುವಂತೆ ಹಾಯಿ ಎತ್ತುವ ಹಗ್ಗವನ್ನು ತೋಳಿನಿಂದ ಎಳೆಯುತ್ತಾರೆ, ಸೊಂಟ ಬಾಗಿಸಿಕೊಂಡೇ ಎಳೆಯುತ್ತಾರೆ. ಹಾಗೆ ಮಾಡಬಾರದು. ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ, ಒಂದೊಂದು ಪಾದ ಕಂಬದ ಬುಡದ ಒಂದೊಂದು ಬದಿಗೆ ಬರುವಂತೆ ನಿಲ್ಲಿ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ತೋಳುಗಳನ್ನು ನೇರವಾಗಿ ಚಾಚಿ ಹಗ್ಗ ಹಿಡಿದು, ದೇಹವನ್ನು ಸುಮ್ಮನೆ ಹಿಂದಕ್ಕೆ ಒರಗಿಸಿ ಕಾಯಿರಿ. ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ನಂತರ ಹಾಯಿಯ ಒಂದು ಅಂಚು ಮೇಲೆದ್ದು, ಅದರ ಮೇಲಿನ ನೀರು ಸೊರಸೊರನೆ ಜಾರಿ ಇಳಿಯುತ್ತದೆ. ಅದರೊಂದಿಗೇ ಭಾರವೂ ಫಕ್ಕನೆ ಇಳಿಯುತ್ತದೆ. ಹಿಂದಕ್ಕೆ ಬೀಳುವುದು ಇದೇ ಕ್ಷಣದಲ್ಲಿ, ಆದ್ದರಿಂದ ನೀರಿನ ಸದ್ದು ಕೇಳಿದ ಕೂಡಲೇ ಮಂಡಿಯನ್ನು ನೇರ ಮಾಡುತ್ತ ಎದ್ದು ನಿಂತು, ಹಗ್ಗದ ಮೇಲೆ ಕೈ ಬದಲಿಸುತ್ತ ಕಂಬದವರೆಗೆ ಬನ್ನಿ. ಹಾಯಿ ಗಾಳಿಯಲ್ಲಿ ಬಾವುಟದಂತೆ ಪಟಪಟಿಸುತ್ತಿರಲಿ, ಅವಸರ ಬೇಡ. ಮುಂದಿನ ಕೈಯನ್ನು ಬೂಮ್‌ಗೆ ಹಾಕಿ, ಕಂಬವನ್ನು ಹಲಗೆಗೆ ಅಡ್ಡಲಾಗಿ ನಿಮ್ಮ ಮುಂದಿನ ಭುಜದತ್ತ ತಂದು, ಆಮೇಲಷ್ಟೇ ಹಿಂದಿನ ಕೈಯನ್ನು ಬೂಮ್‌ಗೆ ತಂದು ಮೆಲ್ಲನೆ ಒಳಕ್ಕೆಳೆಯಿರಿ. ಹಲಗೆ ಹೊರಡುತ್ತದೆ. ಕಂಬವನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ ತಿರುಗುತ್ತದೆ. ಗಾಳಿಗೆ ಎದುರಾಗಿ ಎರಡೂ ಬದಿಗೆ ಸುಮಾರು 45 ಡಿಗ್ರಿಯೊಳಗೆ ಯಾವ ಹಾಯಿಯೂ ಸಾಗದು. ಆ ದಿಕ್ಕಿಗೆ ಹೋಗಬೇಕಾದರೆ ಓರೆಯಾಗಿ ಅತ್ತಿತ್ತ ಸಾಗಿಯೇ ತಲುಪಬೇಕು.

ಭಯಪಡುವ ಕಲಿಕೆಯವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಮಾತೊಂದಿದೆ: ಹಿಂದಿನ ಕೈಯನ್ನು ಬಿಟ್ಟರೆ ಹಾಯಿ ತೆರೆದುಕೊಳ್ಳುತ್ತದೆ, ಎಳೆತ ಆ ಕ್ಷಣವೇ ನಿಲ್ಲುತ್ತದೆ. ಗಾಳಿ ಜೋರಾಯಿತೆಂದು ಹೆದರಿದವರು ಸಹಜವಾಗಿ ಬೂಮ್ ಅನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ಅದರಿಂದಲೇ ಬೀಳುತ್ತಾರೆ. ಬಿಡುವುದನ್ನು ಬೇಕೆಂದೇ ಹತ್ತಾರು ಸಲ ಅಭ್ಯಾಸ ಮಾಡಿ. ಅದು ಮೈಗೂಡಿದ ದಿನ ನಿಮ್ಮ ಭುಜಗಳು ಸಡಿಲವಾಗುತ್ತವೆ, ಸುತ್ತಲಿನ ನೀರನ್ನೂ ದಡವನ್ನೂ ನೋಡುವ ವ್ಯವಧಾನ ಬರುತ್ತದೆ.

ಎಲ್ಲಿಗೆ ಹೋಗಬೇಕು? ಸದ್ಯಕ್ಕೆ ಕಡಲನ್ನು ಬಿಟ್ಟು ಸ್ವಾನ್ ನದಿಯ ಅಳಿವೆಗೆ ಹೋಗಿ. ನಗರದ ಪಕ್ಕದಲ್ಲೇ ನದಿ ಅಗಲವಾಗಿ ಹರಡಿಕೊಂಡಿರುವ ಮೆಲ್ವಿಲ್ ವಾಟರ್ ಎಂಬ ಭಾಗದಲ್ಲಿ, ಕ್ರಾಲಿಯ ವಿಶ್ವವಿದ್ಯಾಲಯದ ಎದುರಿಗೆ ಮಟಿಲ್ಡಾ ಬೇ ಇದೆ. ಅದು ಮೂಡಣಕ್ಕೆ ಮುಖ ಮಾಡಿರುವುದರಿಂದ, ಕಡಲತೀರದಲ್ಲಿ ನಿಮ್ಮನ್ನು ಹೊರಗೆ ತಳ್ಳಿದ ಅದೇ ಬೆಳಗಿನ ಗಾಳಿ ಇಲ್ಲಿ ನಿಮ್ಮನ್ನು ದಡಕ್ಕೆ ಮರಳಿಸುತ್ತದೆ. ಬಿದ್ದರೂ, ದಣಿದರೂ, ಹಾಯಿ ಮುರಿದರೂ ಹೊರಟ ದಡದತ್ತಲೇ ತೇಲುತ್ತೀರಿ. ಮಧ್ಯಾಹ್ನ ನೈಋತ್ಯದ ಗಾಳಿ ಬಂದಾಗ ಇದೇ ಕೊಲ್ಲಿ ಹೊರಗೆ ತಳ್ಳುವ ದಡವಾಗಿ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ; ಅಷ್ಟರೊಳಗೆ ನೀವು ಮೇಲೆ ಬಂದಿರಬೇಕು. ಲಂಗರು ಹಾಕಿದ ದೋಣಿಗಳೂ ಅತ್ತಿತ್ತ ಓಡಾಡುವ ಫೆರಿಗಳೂ ಇರುವುದರಿಂದ ಅವುಗಳಿಂದ ದೂರವಿರಿ. ಕೊಲ್ಲಿಯ ದಕ್ಷಿಣದ ತುದಿಯಾದ ಪೆಲಿಕನ್ ಪಾಯಿಂಟ್‌ನ ಒಂದು ಭಾಗ ಸಂರಕ್ಷಿತ ಪ್ರದೇಶ, ಸೈಬೀರಿಯಾದಿಂದ ಬರುವ ಪುಟ್ಟ ವಲಸೆ ಹಕ್ಕಿಗಳು ಬೇಸಿಗೆಯಲ್ಲಿ ಅಲ್ಲಿ ಮೇಯುತ್ತವೆ. ಫಲಕಗಳಲ್ಲಿ ತೋರಿಸಿದ ಗಡಿಯನ್ನು ದಾಟಬೇಡಿ. ಕೈ ಪಳಗಿದ ಮೇಲೆ ರಾಕಿಂಗ್‌ಹ್ಯಾಮ್ ಪಕ್ಕದ ಸೇಫ್ಟಿ ಬೇಗೆ ಹೋಗಬಹುದು. ಮರಳುದಂಡೆಗಳು ಅಲೆಯನ್ನು ತಡೆಯುವುದರಿಂದ ಅಲ್ಲಿ ಆಳ ಕಡಿಮೆ, ನೀರು ಸಮತಟ್ಟು. ಆದರೆ ಮರಳು ವರ್ಷದಿಂದ ವರ್ಷಕ್ಕೆ ಸರಿಯುವುದರಿಂದ ಸ್ಥಳೀಯರನ್ನು ಕೇಳಿಯೇ ಇಳಿಯಿರಿ.

ದಿನದ ಕ್ರಮ ಹೀಗಿರಲಿ. ಬೆಳಿಗ್ಗೆ ಎದ್ದ ಕೂಡಲೇ ಓಡಬೇಡಿ. ಮೂಡಣ ಗಾಳಿ ಮುಂಜಾನೆಯೇ ಹೆಚ್ಚು ಒರಟು. ಅದು 10 ನಾಟ್‌ಗಿಂತ ಕೆಳಗಿಳಿದ ಮೇಲೆ, ಅಂದರೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದಕ್ಕಿಂತ ಹೆಚ್ಚು ಬಿಳಿ ನೊರೆ ಕಾಣದ ಹೊತ್ತಿಗೆ ನೀರಿಗಿಳಿದು, ದಡಕ್ಕೆ ಹತ್ತಿರದಲ್ಲೇ ಅತ್ತಿತ್ತ ಸಾಗಿ. ಒಂದು ಗಂಟೆಯ ನಂತರ, ಇನ್ನೂ ಆಸೆ ಇರುವಾಗಲೇ, ಮೇಲೆ ಬಂದು ಮರದ ನೆರಳಿನಲ್ಲಿ ಕುಳಿತು ನೀರು ಕುಡಿಯಿರಿ, ತಂದ ಚಿತ್ರಾನ್ನವನ್ನೋ ಮೊಸರನ್ನವನ್ನೋ ತಿನ್ನಿ. ಗಾಳಿ ಸತ್ತಂತಿರುವ ಬಿಡುವಿನಲ್ಲಿ ಹಾಯಿ ಎತ್ತಿ ಇಳಿಸುವುದನ್ನೂ ಹಲಗೆಯ ಮೇಲೆ ತಿರುಗಿ ನಿಲ್ಲುವುದನ್ನೂ ಸೊಂಟದ ಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಬಹುದು. ರಾಟ್‌ನೆಸ್ಟ್‌ನ ಅಂಕಿ ತಿರುಗಿದಾಗ ಸಲಕರಣೆ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು ಕಟ್ಟಿ. ಆಮೇಲೆ ಡಾಕ್ಟರ್ ಬೀಸುವಾಗ ಪಳಗಿದವರು ನೀರನ್ನು ಸೀಳುವುದನ್ನು ಕುಳಿತು ನೋಡುವುದೂ ಕಲಿಕೆಯೇ. ಅವರ ತೋಳುಗಳು ನೇರವಾಗಿರುವುದನ್ನೂ ಬೂಮ್‌ಗೆ ಸಿಕ್ಕಿಸಿಕೊಳ್ಳುವ ಸೊಂಟದ ಪಟ್ಟಿಗೆ ಭಾರ ಬಿಟ್ಟಿರುವುದನ್ನೂ ಗಮನಿಸಿ.

ಅಪಾಯಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಪರ್ತ್‌ನ ಬೇಸಿಗೆಯಲ್ಲಿ ನೇರಳಾತೀತ ಸೂಚ್ಯಂಕ 11ನ್ನು ದಾಟುವುದು ಮಾಮೂಲು, ಮತ್ತು ತಂಗಾಳಿಯಲ್ಲಿ ಚರ್ಮ ಸುಡುವುದು ತಿಳಿಯುವುದಿಲ್ಲ. ನಮ್ಮ ಬಣ್ಣಕ್ಕೆ ಏನೂ ಆಗದು ಎಂಬ ಭ್ರಮೆ ಬೇಡ, ಉದ್ದ ತೋಳಿನ ಉಡುಪನ್ನೇ ತೊಡಿ. ನದಿಯ ತಳದಲ್ಲಿ ಚಿಪ್ಪುಗಳೂ ವಿಷಮುಳ್ಳಿನ ಕಾಬ್ಲರ್ ಮೀನೂ ಇರುವುದರಿಂದ ರಬ್ಬರ್ ಪಾದರಕ್ಷೆ ಕಡ್ಡಾಯ. 2023ರ ಫೆಬ್ರುವರಿಯಲ್ಲಿ ಇದೇ ನದಿಯ ಕೆಳಭಾಗದಲ್ಲಿ ಶಾರ್ಕ್ ದಾಳಿಗೆ ಒಬ್ಬ ಬಾಲಕಿ ಬಲಿಯಾದದ್ದು ನಿಜ. ಅಂಥ ಘಟನೆ ಅಪರೂಪ, ಆದರೂ ಸರ್ಕಾರದ ಶಾರ್ಕ್‌ಸ್ಮಾರ್ಟ್ ಎಚ್ಚರಿಕೆಗಳನ್ನು ನೋಡಿಕೊಂಡೇ ಹೊರಡಿ. ನಿಮ್ಮ ವಿಷಯದಲ್ಲಿ ನನಗೆ ಇವೆಲ್ಲಕ್ಕಿಂತ ಹೆಚ್ಚಿನ ಚಿಂತೆ ಈಜಿನದು. ಕೊಳದ ಗೋಡೆ ಹಿಡಿಯುವ ಭರವಸೆಯಿಲ್ಲದೆ, ಕಾಲಿಗೆ ನೆಲ ಸಿಗದ ನೀರಿನಲ್ಲಿ ನಿರಾಯಾಸವಾಗಿ ಈಜುವಂತಾಗುವವರೆಗೆ ಎದೆಮಟ್ಟದ ನೀರಿನಾಚೆಗೆ ಹೋಗಬೇಡಿ, ತೇಲುಕವಚವನ್ನು ಯಾವತ್ತೂ ಬಿಡಬೇಡಿ. ಏನೇ ಆದರೂ ಹಲಗೆಯನ್ನು ಬಿಟ್ಟು ದಡದತ್ತ ಈಜಬಾರದು. ಹಲಗೆ ಮುಳುಗುವುದಿಲ್ಲ, ದೂರದಿಂದ ಕಾಣುತ್ತದೆ. ಹಾಯಿಯನ್ನು ಹಲಗೆಯ ಹಿಂಭಾಗದ ಮೇಲೆ ಎಳೆದುಕೊಂಡು, ಬೋರಲಾಗಿ ಮಲಗಿ ಕೈಯಿಂದ ಹುಟ್ಟುಹಾಕಿ. ಅದೂ ಸಾಗದಿದ್ದರೆ ಹಲಗೆಯ ಮೇಲೆ ಕುಳಿತು, ಎರಡೂ ತೋಳುಗಳನ್ನು ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ನೀರಿನ ಮೇಲೆ ಎಲ್ಲರೂ ಅರಿಯುವ ಸಂಕಟದ ಸಂಜ್ಞೆ ಅದು. ದಡದಲ್ಲಿರುವವರು ಕರೆಯಬೇಕಾದ ತುರ್ತು ಸಂಖ್ಯೆ 000.

ಮಗಳನ್ನು ಧಾರಾಳವಾಗಿ ಕರೆದೊಯ್ಯಿರಿ. ಮಕ್ಕಳಿಗೆಂದೇ 1.5ರಿಂದ 2.5 ಚದರ ಮೀಟರ್‌ನ ಹಾಯಿಗಳೂ ಹಗುರವಾದ ಕಂಬಗಳೂ ಸಿಗುತ್ತವೆ. ಹಗುರ ಮೈ, ಬೀಳುವ ಭಯವಿಲ್ಲದ ಮನಸ್ಸು ಇರುವ ಅವಳು ನಿಮಗಿಂತ ಬೇಗ ಕಲಿತರೆ ಬೇಸರಿಸಬೇಡಿ. ಆದರೆ ಮೊದಲ ಪಾಠಗಳನ್ನು ನೀವೇ ಹೇಳಿಕೊಡುವ ಬದಲು ಇಬ್ಬರೂ ಅರ್ಹ ತರಬೇತುದಾರರಿಂದ ಕಲಿಯಿರಿ, ಸಲಕರಣೆ ಕೊಳ್ಳುವ ಯೋಚನೆಯನ್ನು ಅದು ಮುಗಿದ ಮೇಲೆ ಮಾಡಿ. ತರಬೇತಿಯ ನಂತರವೂ ಒಂದು ಬೇಸಿಗೆಯ ಮಟ್ಟಿಗಾದರೂ ಇಬ್ಬರೂ ಒಟ್ಟಿಗೆ ನೀರಿಗಿಳಿಯಬೇಡಿ. ಅವಳು ನೀರಿನಲ್ಲಿದ್ದಾಗ ನೀವು ಫೋನು ಬದಿಗಿಟ್ಟು ದಡದಲ್ಲಿರಿ. ನೀವು ನೀರಿನಲ್ಲಿದ್ದಾಗ ಅವಳ ಜೊತೆ ದಡದಲ್ಲಿ ಇನ್ನೊಬ್ಬ ದೊಡ್ಡವರಿರಲಿ.